ಟೈಲರಮ್ಮನೂ ಮೇಷ್ಟ್ರೂ

“ಆ ಫ್ಯಾನ್ ಆಫ್ ಮಾಡಿ, ದಯವಿಟ್ಟು.”

ಬಾಗಿಲಲ್ಲೇ ನಿಂತು ಅವಳು ಹೇಳಿದ ಮೊದಲ ಮಾತು ಅದು. ಕೈಯಲ್ಲಿ ನೇತ್ರ ಬ್ಯಾಂಕಿನ ಐಸ್ ಪೆಟ್ಟಿಗೆ. ಮಂಚದ ಮೇಲೆ ತೀರಿಕೊಂಡ ಅಣ್ಣ, ಪಕ್ಕದಲ್ಲಿ ತಮ್ಮ. ತಮ್ಮನ ಅಂಗಿ ತುಂಬಾ ಬಣ್ಣದ ಕಲೆ. ಅಂಗಡಿಗಳಿಗೆ ಬೋರ್ಡ್ ಬರೆಯುವವನು.

“ಅಣ್ಣಂಗೆ ಸೆಕೆ ತಡೆಯೋಕಾಗಲ್ಲ ಮೇಡಂ,” ಅಂದ ಅವನು. “ಬೆಳಿಗ್ಗೆಯಿಂದ ನಾನೇ ಜೋರಾಗಿ ಇಟ್ಟಿದ್ದೀನಿ. ಇರಲಿ ಬಿಡಿ.”

ಹೋದವರಿಗೆ ಎಂಥಾ ಸೆಕೆ? ಅವಳು ಹಾಗೆ ಕೇಳಲಿಲ್ಲ. ಅಪ್ಪ ಅಮ್ಮ ಇಲ್ಲದ ತಮ್ಮನನ್ನು ಸಾಕಿ ಬೆಳೆಸಿದ ಅಣ್ಣ. ತನ್ನ ಕಣ್ಣು ದಾನ ಮಾಡಿ ಅಂತ ತಾನೇ ಬರೆದಿಟ್ಟು ಹೋದವನು. ಅವನ ರೆಪ್ಪೆಗಳು ಅರ್ಧ ತೆರೆದೇ ಇದ್ದವು. ಅವುಗಳ ಮೇಲೆ ಐದು ಗಂಟೆ ಹೊತ್ತು ಬೀಸಿದ ಗಾಳಿ... ಅವಳೇ ಹೋಗಿ ಸ್ವಿಚ್ ಆರಿಸಿದಳು.

ಗಾಳಿ ಬಿದ್ದರೆ ಕಣ್ಣಿನ ಮುಂಭಾಗದ ತಿಳಿ ಪದರ, ಕಾರ್ನಿಯಾ, ಒಣಗಿಹೋಗುತ್ತೆ. ಅದಕ್ಕೇ ರೆಪ್ಪೆ ಮುಚ್ಚಿ, ಒದ್ದೆ ಹತ್ತಿ ಇಟ್ಟು, ಫ್ಯಾನ್ ಆರಿಸಿ ಅಂತ ಮನೆಯವರಿಗೆ ಫೋನಿನಲ್ಲೇ ಹೇಳಬೇಕು. ಹೇಳಬೇಕಾದವಳು ಅವಳೇ. ಆ ಬೆಳಿಗ್ಗೆ ಒಟ್ಟೊಟ್ಟಿಗೆ ಎರಡು ಕರೆ ಬಂದು, ಗಡಿಬಿಡಿಯಲ್ಲಿ ವಿಳಾಸ ಮಾತ್ರ ಬರೆದುಕೊಂಡು ಫೋನ್ ಇಟ್ಟಿದ್ದಳು.

ಮರುದಿನದ ಪರೀಕ್ಷೆಯಲ್ಲಿ ಎರಡೂ ಕಾರ್ನಿಯಾ ಕಸಿಗೆ ಬರಲ್ಲ ಅಂತಾಯ್ತು. ಕಲಿಯುವ ಡಾಕ್ಟರುಗಳ ಅಭ್ಯಾಸಕ್ಕೆ ಹೋದವು.

ವಾರ ಕಳೆದು ಅವನು ನೇತ್ರ ಬ್ಯಾಂಕಿಗೆ ಬಂದ.

“ಯಾರಿಗೆ ಹಾಕಿದ್ರಿ ಮೇಡಂ?”

ಯಾರಿಗೆ ಅಂತ ಹೇಳುವ ಹಾಗಿಲ್ಲ, ಅದು ನಿಯಮ. ಅಷ್ಟು ಹೇಳಿ ಬಾಯಿ ಮುಚ್ಚಿಕೊಂಡಿದ್ದರೆ ಮುಗಿದುಹೋಗ್ತಿತ್ತು. ಅತ್ತು ಊದಿದ ಅವನ ಮುಖ ನೋಡಿ ಅಷ್ಟಕ್ಕೇ ನಿಲ್ಲಿಸಲು ಅವಳಿಗೆ ಮನಸ್ಸು ಬರಲಿಲ್ಲ. ನಿಜ ಹೇಳಬೇಕೆಂದರೆ, ತನ್ನ ತಪ್ಪೂ ಮುಚ್ಚಿಹೋಗುತ್ತೆ ಅಂತಲೂ ಅನ್ನಿಸಿತು.

“ಹೆಸರು ಹೇಳಲ್ಲ. ಒಬ್ಬರು ಟೈಲರಮ್ಮ. ಇನ್ನೊಬ್ಬರು ಮೇಷ್ಟ್ರು.”

ಅವನು ಅಲ್ಲೇ ಕುರ್ಚಿಯಲ್ಲಿ ಕೂತು ಬಿಕ್ಕಿಬಿಕ್ಕಿ ಅತ್ತ.

ಆಮೇಲೆ ತಿಂಗಳ ಮೊದಲ ಶನಿವಾರ ಬರುವುದು ರೂಢಿಯಾಯ್ತು.

“ಟೈಲರಮ್ಮ ಹೇಗಿದ್ದಾರೆ?”

“ಸೂಜಿಗೆ ತಾವೇ ದಾರ ಪೋಣಿಸ್ತಾರಂತೆ.”

“ನಮ್ಮ ಮೇಷ್ಟ್ರು?”

“ಬೀದಿ ಬೋರ್ಡೆಲ್ಲ ಓದ್ತಾರಂತೆ...”

ಅಂದಿನಿಂದ ಅವನು ಅಕ್ಷರಗಳನ್ನು ಒಂದು ಗೇಣು ದೊಡ್ಡದಾಗಿ ಬರೆಯತೊಡಗಿದ. “ಈ ಕಡೆ ಬಂದ್ರೆ ಮೇಷ್ಟ್ರಿಗೆ ಕಾಣಬೇಕಲ್ಲ ಕಣ್ಣಿನ ಮೇಡಂ,” ಅಂತ ನಕ್ಕ. ಅವಳು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ಅತ್ತರೂ ಮುಂದಿನ ಶನಿವಾರಕ್ಕೆ ಕಾದಳು. ಪೆದ್ದಿ, ಅವನನ್ನು ಪ್ರೀತಿಸಿಬಿಟ್ಟಿದ್ದಳು.

ಎರಡು ವರ್ಷ ತುಂಬಿದ ಶನಿವಾರ ಅವನು ಕೇಳಿದ.

“ಮದುವೆ ಆಗೋಣ್ವಾ? ಅವರಿಬ್ಬರನ್ನೂ ಕರೆಯೋಣ. ಯಾರು ಅಂತ ನಂಗೆ ತೋರಿಸಬೇಡ. ಅಷ್ಟು ಜನರ ಮಧ್ಯೆ ಎಲ್ಲೋ ಕೂತು ಅಣ್ಣ ನನ್ನ ನೋಡ್ತಿದ್ದಾನೆ ಅಂದ್ಕೊಳ್ತೀನಿ. ಅಷ್ಟೇ ಸಾಕು ನಂಗೆ.”

ಹೂಂ ಅಂದರೆ ಅವನು ಜೀವನಪೂರ್ತಿ ಅವಳವನು.

“ಅವರಿಬ್ಬರೂ ಇಲ್ಲ.”

“ತೀರಿಕೊಂಡ್ರಾ?”

“ಇರಲೇ ಇಲ್ಲ... ನಾನೇ ಕಟ್ಟಿದ ಸುಳ್ಳು. ಅಣ್ಣನ ಕಣ್ಣು ಒಣಗಿಹೋಗಿತ್ತು. ಯಾರಿಗೂ ಹಾಕಲಿಲ್ಲ.”

ಅವನು ತಲೆಯೆತ್ತಿ ಮೇಲೆ ತಿರುಗುತ್ತಿದ್ದ ಫ್ಯಾನ್ ನೋಡಿದ.

“ಫ್ಯಾನು?”

“ನಿನ್ನ ತಪ್ಪಲ್ಲ. ಫೋನಲ್ಲಿ ನಾನು ಹೇಳಬೇಕಿತ್ತು. ಮರೆತೆ.”

“ಅಣ್ಣನ್ನ ಎರಡು ಸಲ ಸಾಯಿಸಿದೆಯಲ್ಲೇ,” ಅಂದು ಎದ್ದು ಹೋದ.

ಶನಿವಾರಗಳು ಬಂದವು, ಅವನು ಬರಲಿಲ್ಲ. ಬಸ್ಸಿನ ಕಿಟಕಿಯಿಂದ ಅವನು ಬರೆದ ದೊಡ್ಡ ಅಕ್ಷರದ ಬೋರ್ಡುಗಳು ಕಂಡಾಗೆಲ್ಲ ಅವಳು ಮುಖ ತಿರುಗಿಸುತ್ತಿದ್ದಳು. ಆದರೆ ಯಾವ ಕರೆ ಬಂದರೂ ಮೊದಲು ಹೇಳುತ್ತಿದ್ದದ್ದು ಒಂದೇ ಮಾತು, “ಫ್ಯಾನ್ ಆರಿಸಿ.”

ಏಳು ತಿಂಗಳ ಮೇಲೆ, ಒಂದು ಮಧ್ಯಾಹ್ನ, ಫೋನ್.

“ನಮ್ಮ ಮನೆ ಓನರ್ ಅಜ್ಜಿ ಹೋಗಿಬಿಟ್ರು. ಮಗಳು ಒಪ್ಪಿದ್ದಾರೆ.” ಅವನದೇ ದನಿ. “ರೆಪ್ಪೆ ಮುಚ್ಚಿದ್ದೀನಿ. ಒದ್ದೆ ಹತ್ತಿ ಇಟ್ಟಿದ್ದೀನಿ. ಫ್ಯಾನ್... ಆರಿಸಿದ್ದೀನಿ. ಬೇಗ ಬಾ.”

ಅವಳು ಹೋದಳು. ಕೆಲಸ ಮುಗಿಯುವವರೆಗೂ ಅವನು ಸ್ವಿಚ್ಚಿನ ಪಕ್ಕದಲ್ಲೇ, ಯಾರೂ ಒತ್ತದಂತೆ ನಿಂತಿದ್ದ. ಸೆಕೆಗೆ ಅವನ ಅಂಗಿ ತೊಯ್ದುಹೋಗಿತ್ತು.

ಮರುದಿನ ಅವಳೇ ಫೋನ್ ಮಾಡಿದಳು.

“ಒಂದು ಕಸಿಗೆ ಬರುತ್ತೆ. ಇನ್ನೊಂದು ಬರಲ್ಲ. ಅಜ್ಜಿಯ ಆ ಕಣ್ಣಿಗೆ ಹಳೇ ಗಾಯ ಇತ್ತು.”

“ಎರಡೂ ಆಯ್ತು ಅನ್ನಬಹುದಿತ್ತಲ್ಲ?”

“ಇನ್ನು ಅನ್ನಲ್ಲ.”



“ಟೈಲರಮ್ಮ ತುಂಬಾ ನೆನಪಾಗ್ತಾರೆ ಕಣೇ...” ಅಂದ ಅವನು. “ಇಲ್ಲದೇ ಇರೋರು ಇಷ್ಟು ನೆನಪಾಗ್ತಾರಾ?”

“ನಂಗೂ ಆಗ್ತಾರೆ.”

“ಶನಿವಾರ ಬರ್ಲಾ? ಕೇಳೋಕೆ ಇನ್ನೇನೂ ಉಳಿದಿಲ್ಲ.”

“ಬಾ,” ಅಂದಳು ಅವಳು, ಕಣ್ಣೊರೆಸಿಕೊಂಡು. “ಅಣ್ಣನ ವಿಷಯ ನೀನು ಹೇಳು. ಈ ಸಲ ನಾನು ಕೇಳ್ತೀನಿ.”