ಮೂರು ಬಿಳಿ ಚುಕ್ಕೆಗಳು

"ಇದ್ರ ಮೇಲಿದ್ದ ಚುಕ್ಕೆಗಳೆಲ್ಲಿ?"

ರತ್ನ ತಲೆ ಎತ್ತಿದಳು. ಎದುರಿಗೆ ನಿಂತಿದ್ದವನ ಕೈಯಲ್ಲಿ ಒಂದು ಟ್ರಾನ್ಸಿಸ್ಟರ್. ನಿನ್ನೆ ತಾನೇ ಅವಳು ಹೊಳೆಯುವಂತೆ ಮಾಡಿ ಕಳಿಸಿದ್ದು!

"ಯಾವ ಚುಕ್ಕೆ?"

"ಮೂರು ಬಿಳಿ ಚುಕ್ಕೆ ಕಣ್ರೀ... ಮುಳ್ಳು ಓಡಾಡೋ ಗಾಜಿನ ಮೇಲೆ. ನಮ್ಮಪ್ಪ ಇಟ್ಟಿದ್ದು."

ರತ್ನ ಕೈಯಲ್ಲಿದ್ದ ಬಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟಳು.

ಅದು ಎಂಬತ್ತಮೂರನೇ ಇಸವಿ. ಬಂಗಾರಪೇಟೆ ಸ್ಟೇಷನ್ ಎದುರಿನ ಆ ರೇಡಿಯೋ ಅಂಗಡಿಯಲ್ಲಿ ಒಳಗಿನ ರಿಪೇರಿ ಅಪ್ಪ ಕದಿರಪ್ಪನದು, ಹೊರಗಿನ ಚೆಂದ ಮಗಳು ರತ್ನಳದು. ಗುಂಡಿಗಳ ಸುತ್ತ ಕೊರೆದ ಅಕ್ಷರ ಮಾಸಿದ್ದರೆ ಅವಳು ಬಿಳಿ ಪೇಂಟು ತುಂಬುತ್ತಿದ್ದಳು. ಆಮೇಲೆ ಬೆರಳಿಗೆ ಬಟ್ಟೆ ಸುತ್ತಿ ಒಂದೇ ಸಲ ಒರೆಸಿದರೆ ಬಣ್ಣ ಕೊರೆದ ಗೆರೆಯಲ್ಲಷ್ಟೇ ಉಳಿಯುತ್ತಿತ್ತು. ಅವಳ ಕೈಗುಣ ಊರಿಗೆಲ್ಲ ಗೊತ್ತಿತ್ತು. ಅವಳಿಗೂ ಸ್ವಲ್ಪ ಜಾಸ್ತಿಯೇ ಗೊತ್ತಿತ್ತು ಅನ್ನಿ!

ಈ ರೇಡಿಯೋ ಬಂದಾಗ ಗಾಜಿನ ಮೇಲೆ ಮೂರು ಕಡೆ ಬಿಳಿ ಪೇಂಟು ಗಟ್ಟಿಯಾಗಿ ಅಂಟಿತ್ತು. 'ಮನೆಗೆ ಬಣ್ಣ ಹೊಡೆಯುವಾಗ ಸಿಡಿದಿರಬೇಕು' ಎಂದುಕೊಂಡು ಬ್ಲೇಡಿನ ತುದಿಯಿಂದ ಕೆರೆದಿದ್ದಳು. ಹಲ್ಲುಪುಡಿ ಹಾಕಿ ಉಜ್ಜಿದ್ದಳು. ಒಂದು ಗುರುತೂ ಉಳಿಯದಂತೆ!

"ನಮ್ಮಮ್ಮಂಗೆ ಓದಕ್ಕೆ ಬರಲ್ಲ," ಅವನು ಹೇಳುತ್ತಿದ್ದ. "ಮೊದಲನೇ ಚುಕ್ಕೆ ಬೆಂಗಳೂರು, ನಡುವಿಂದು ಮದ್ರಾಸು, ಕೊನೇದು ಸಿಲೋನು. ಗಣಿಯಲ್ಲಿ ತಗಡಿನ ಟೋಪಿ ಮೇಲೆ ನಂಬರ್ ಬರೆಯೋ ಪೇಂಟು ತಂದು ಅಪ್ಪನೇ ಇಟ್ಟಿದ್ದು. ಕಳೆದ ವರ್ಷ ಅಪ್ಪ ತೀರ್ಕೊಂಡ್ರು..."

ಹಿಂದೆ ಕದಿರಪ್ಪ ಕೆಮ್ಮಿದ. 'ಗಿರಾಕೀನ ಕೇಳದೆ ಒಂದು ಸ್ಕ್ರೂ ಕೂಡ ಮುಟ್ಟಬಾರದು' ಎಂದು ದಿನಕ್ಕೆ ಹತ್ತು ಸಲ ಹೇಳುವ ಅಪ್ಪ ಕೇಳಿಸಿಕೊಳ್ಳುತ್ತಿದ್ದಾನೆ...

"ನಮ್ಮತ್ರ ಬಂದಾಗ್ಲೇ ಇರಲಿಲ್ಲ," ಎಂದುಬಿಟ್ಟಳು ರತ್ನ.

ಅವನ ಮುಖದ ಕೋಪ ಇಳಿದುಹೋಯಿತು. ಅದರ ಜಾಗಕ್ಕೆ ಬಂದದ್ದನ್ನು ನೋಡಲು ಅವಳಿಂದಾಗಲಿಲ್ಲ.

"ಅಂಗಾದ್ರೆ... ನಾನೇ! ಪಕ್ಕದ ಮನೆ ಪೆರುಮಾಳ್ ಕೈಲಿ ಕಳಿಸೋ ಮುಂಚೆ ಸೀಮೆಎಣ್ಣೆ ಆಕಿ ಒರೆಸಿದ್ದೆ. ಅಯ್ಯೋ, ನಾನೇ ಅಳಿಸಿಬಿಟ್ನಾ?"

ಸೀಮೆಎಣ್ಣೆಗೆ ಆ ಪೇಂಟು ಜಪ್ಪಯ್ಯ ಎಂದರೂ ಹೋಗುವುದಿಲ್ಲ. ರತ್ನಳಿಗೆ ಅದು ಗೊತ್ತು. ಆದರೂ ರೇಡಿಯೋ ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದಳು.

"ಶಬ್ದದ ಗುಂಡಿ ಸೀಳಿದೆ," ಎಂದಳು ಕೊನೆಗೆ. "ಇದಕ್ಕೆ ಹೊಂದೋದು ಹಳೇ ಸೆಟ್ಟುಗಳಲ್ಲಿ ಹುಡುಕಿಡ್ತೀನಿ. ಮುಂದಿನ ಶನಿವಾರ ಬನ್ನಿ."

ಅವನ ಹೆಸರು ಕೋದಂಡ. ಚಿನ್ನದ ಗಣಿ ಮೈಸೂರು ಮೈನ್ಸ್‌ನಲ್ಲಿ ಮರಗೆಲಸ. ಶನಿವಾರ ಬಂದ. ಮರುವಾರವೂ ಬಂದ. ಬಡವರ ಬಾದಾಮಿ ಎನ್ನುತ್ತಾ ಒಂದು ಪೊಟ್ಟಣ ಕಡಲೆಕಾಯಿ ತಂದ. ಗುಂಡಿ ಎರಡನೇ ವಾರಕ್ಕೇ ಸಿಕ್ಕಿತ್ತು, ರತ್ನಳ ಡ್ರಾಯರಿನಲ್ಲಿ ಭದ್ರವಾಗಿತ್ತು. ಅವಳು ಮಾತ್ರ "ಇನ್ನೂ ಸಿಕ್ಕಿಲ್ಲ" ಎನ್ನುತ್ತಿದ್ದಳು. ಅವನೂ "ನಿಧಾನಕ್ಕೆ ಸಿಗ್ಲಿ ಬಿಡಿ" ಎನ್ನುತ್ತಿದ್ದ. ಕದಿರಪ್ಪನಿಗೆ ಕಿವಿ ಮಾತ್ರವಲ್ಲ, ಕಣ್ಣೂ ಚೆನ್ನಾಗಿತ್ತು. ಆದರೂ ತಲೆ ಎತ್ತದೆ ರಿಪೇರಿ ಮಾಡುತ್ತಿದ್ದ.

ಆದರೆ ಪ್ರತಿ ವಾರ ಹೊರಡುವಾಗ ಕೋದಂಡ ಒಂದು ಮಾತು ಹೇಳುತ್ತಿದ್ದ.

"ಅಮ್ಮ ಇನ್ನೂ ರೇಡಿಯೋ ಮುಟ್ಟಿಲ್ಲ ರತ್ನ. ನನ್ನ ಕೈ ಮುರಿದೋಗ."

ಅಂದು ರತ್ನಳಿಗೆ ಅನ್ನ ಸೇರುತ್ತಿರಲಿಲ್ಲ. 'ಅವನು ನನ್ನ ತಪ್ಪನ್ನು ಹೊತ್ತು ತಿರುಗುತ್ತಿದ್ದಾನೆ. ನಾನು ಅವನು ಕೊಟ್ಟ ಕಡಲೆಕಾಯಿ ತಿನ್ನುತ್ತಿದ್ದೇನೆ! ಹೇಳಿದರೆ ಅವನು ಮತ್ತೆ ಬರುವುದಿಲ್ಲ. ಹೇಳದಿದ್ದರೆ... ನಾನು ಎಂಥವಳು?'

ಮೂರು ತಿಂಗಳು ಹೀಗೇ ಕಳೆಯಿತು. ಒಂದು ಶನಿವಾರ ಕೋದಂಡ ತಲೆ ತಗ್ಗಿಸಿ ಹೇಳಿದ. "ನಾಳೆ ನಮ್ಮನೆಗೆ ಬತ್ತೀಯಾ? ಅಮ್ಮಂಗೆ ನಿನ್ನ ವಿಷಯ ತಿಳಿಸಿದ್ದೀನಿ. ಅವಳು ಊಂ ಅಂದ್ರೆ ನಿಮ್ಮಪ್ಪನ್ನ ಕೇಳ್ತೀನಿ."

ಕನಸಿನಲ್ಲಿ ಎಷ್ಟೋ ಸಲ ಕೇಳಿದ್ದ ಮಾತು! ಅವಳಿಗೆ ಅಳು ಬಂತು. ಅವನು ಅದನ್ನು ಸಂತೋಷ ಎಂದುಕೊಂಡ.

ಭಾನುವಾರ ಬೆಳಿಗ್ಗೆ ಅಪ್ಪನಿಗೆ ಎಲ್ಲ ಹೇಳಿದಳು. ಕದಿರಪ್ಪ ಬೈಯಲಿಲ್ಲ. "ನಂಗೇಳಿ ಏನು ಬಂತಮ್ಮ? ಯಾರಿಗೆ ಏಳ್ಬೇಕೋ ಅವರಿಗೇಳು," ಎಂದ.

ಅವಳು ಗಣಿ ಕಡೆಗೆ ಹೋಗುವ ಮಾರಿಕುಪ್ಪಂ ರೈಲು ಹತ್ತಿದಳು. ಚೀಲದಲ್ಲಿ ಆ ಗುಂಡಿ, ಒಂದು ಸಣ್ಣ ಬ್ರಷ್ಷು, ಬಿಳಿ ಪೇಂಟಿನ ಡಬ್ಬಿ.

ಗಣಿ ಕೆಲಸಗಾರರ ಲೈನ್ ಮನೆಯ ಒಂದೇ ಕೋಣೆ. ಗೂಡಿನಲ್ಲಿ ಕೋದಂಡನ ಅಪ್ಪನ ಫೋಟೋ, ಪಕ್ಕದಲ್ಲಿ ಬಟ್ಟೆ ಮುಚ್ಚಿದ ರೇಡಿಯೋ. ಕೋದಂಡನ ತಾಯಿ ನರಸಮ್ಮ ಕಾಫಿ ಕೊಟ್ಟು ಅವಳ ಗಲ್ಲ ಸವರಿದರು.

"ನನ್ ಮಗ ಸೀಮೆಎಣ್ಣೆ ಡಬ್ಬ ಕಂಡ್ರೆ ಮುಖ ತಿರುಗಿಸ್ತಾನೆ ತಲ್ಲೀ. ಓಗ್ಲಿ ಬಿಡೋ ಅಂದ್ರೂ ಕೇಳಲ್ಲ. ನೀನಾದ್ರೂ ಬುದ್ಧಿ ಏಳು."

ಕಾಫಿ ಲೋಟ ಕೆಳಗಿಟ್ಟಳು ರತ್ನ.

"ಅಮ್ಮಾ... ಸೀಮೆಎಣ್ಣೆಗೆ ಆ ಪೇಂಟು ಹೋಗಲ್ಲ. ನಾನು ಬ್ಲೇಡಲ್ಲಿ ಕೆರೆದೆ. ಕಲೆ ಅಂದ್ಕೊಂಡೆ. ಆಮೇಲೆ ಸುಳ್ಳು ಹೇಳಿದೆ. ಇವರ ತಪ್ಪು ಏನೂ ಇಲ್ಲ, ಎಲ್ಲಾ ನಂದೇ!"

ಕೋದಂಡ ಅವಳನ್ನೇ ನೋಡಿದ. ಎದ್ದು ಹೊರಗೆ ಹೋದ.

ಮುಗಿಯಿತು ಎಂದುಕೊಂಡಳು ರತ್ನ.

ನರಸಮ್ಮ ರೇಡಿಯೋ ಮೇಲಿನ ಬಟ್ಟೆ ತೆಗೆದರು. "ಕೆರೆಯೋಕ್ ಮುಂಚೆ ಒಂದು ಮಾತು ಕೇಳ್ಬಾರ್ದಾಗಿತ್ತಾ?" ಎಂದರು. ಬೈಗುಳಕ್ಕಿಂತ ಆ ಮೆತ್ತನೆಯ ಮಾತೇ ಚುಚ್ಚಿತು.

"ಅಕ್ಷರ ಅಲ್ಲದ್ದೆಲ್ಲಾ ಕೊಳೆ ಅಂದ್ಕೊಂಡೆ ಅಮ್ಮಾ..." ರತ್ನ ಬಿಕ್ಕಿದಳು. ಸೀಳಿದ ಗುಂಡಿ ತೆಗೆದು ತಂದದ್ದನ್ನು ಹಾಕಿದಳು. ಬ್ರಷ್ಷು ಪೇಂಟಿಗೆ ಅದ್ದಿದಳು. "ಎಲ್ಲಿ ಇಡ್ಬೇಕು ಹೇಳಿ, ನಾನೇ ಇಡ್ತೀನಿ."

"ನೀನಿಟ್ರೆ ಅದು ನಿಂದಾಗ್ತದೆ. ಕೊಡಿಲ್ಲಿ."

ಆ ಕೈ ಯಾವತ್ತೂ ಪೆನ್ಸಿಲ್ ಹಿಡಿದದ್ದಲ್ಲ. ನರಸಮ್ಮ ಕಿವಿಗೊಟ್ಟು ಮುಳ್ಳು ತಿರುಗಿಸಿದರು. ಕೊರಕೊರ ಎಂದ ರೇಡಿಯೋ ಒಂದು ಕಡೆ ಸ್ಪಷ್ಟವಾಗಿ ಕನ್ನಡ ಮಾತಾಡಿತು. ಅಲ್ಲಿ ಒಂದು ಚುಕ್ಕೆ. ಮತ್ತೊಂದು ಕಡೆ ತಮಿಳು ಬಂತು. ಅಲ್ಲಿ ಇನ್ನೊಂದು. ಕೊನೆಯದಕ್ಕೆ ಬಹಳ ಹುಡುಕಿದರು. ಸಿಲೋನು ಸಣ್ಣಗೆ ಹಾಡಿದಾಗ ಬ್ರಷ್ಷು ಜಾರಿ ಪೇಂಟು ಆಚೆ ಹರಡಿತು.

ರತ್ನ ಒರೆಸಲು ಬಟ್ಟೆ ತೆಗೆದಳು.

"ಮುಟ್ಬೇಡ!" ನರಸಮ್ಮ ಅಳುತ್ತಲೇ ನಕ್ಕರು. "ಅವರದೂ ಇಂಗೇ ಸೊಟ್ಟಕ್ಕಿತ್ತು."

ಬಾಗಿಲಲ್ಲಿ ಕೋದಂಡ ನಿಂತಿದ್ದ. ಹಾಡು ಕೇಳಿ ಬಂದಿದ್ದ.

"ಅಮ್ಮ ರೇಡಿಯೋ ಆಕಿದ್ಳಾ?" ಎಂದ. ಆಮೇಲೆ ಗೋಡೆಗೆ ಮುಖ ಮಾಡಿ ನಿಂತುಬಿಟ್ಟ. ಅವನ ಭುಜ ಅಲುಗುತ್ತಿತ್ತು.

ಸಂಜೆ ರೈಲಿಗೆ ಅವನೇ ಸ್ಟೇಷನ್ನಿನವರೆಗೆ ನಡೆದು ಬಂದ, ನಾಲ್ಕು ಹೆಜ್ಜೆ ಮುಂದೆ. ರೈಲು ಬಂತು. ರತ್ನ ಹತ್ತಿ ಕಿಟಕಿ ಪಕ್ಕ ಕೂತಳು. ನೋಡಿದರೆ ಅವನೂ ಹತ್ತಿ ಎದುರಿಗೇ ಕೂತ!

"ನೀವೆಲ್ಲಿಗೆ?"

"ಬಂಗಾರಪೇಟೆಗೆ. ಮೂರು ತಿಂಗಳು ನನ್ನ ಉರಿಸಿದ್ದೀಯ. ದಾರಿ ಪೂರ್ತಿ ನಿನ್ನ ಬೈಬೇಕು."

ಅವಳ ಕಣ್ಣು ತುಂಬಿತು. "ಬೈಯ್ರಿ... ಆದ್ರೆ ದಾರಿ ಚಿಕ್ಕದು. ಸಾಕಾಗುತ್ತಾ?"

ಕೋದಂಡ ಜೇಬಿನಿಂದ ಕಡಲೆಕಾಯಿ ಪೊಟ್ಟಣ ತೆಗೆದು ಅವಳ ಕೈಗಿಟ್ಟ.

"ಸಾಕಾಗಲ್ಲ. ಅದಕ್ಕೇ ನಿಮ್ಮಪ್ಪನ್ನ ಕೇಳಕ್ಕೆ ಬತ್ತಿದ್ದೀನಿ."