ಎಡಗೈ ಹೆಬ್ಬೆಟ್ಟು

ಇವತ್ತು ಯಾಮಿನಿ ನೆಲ ನೋಡಲಿಲ್ಲ. ನೇರವಾಗಿ ಅವನ ಮುಖವನ್ನೇ ನೋಡಿದಳು. ಗಂಗಾಧರ ಖುಷಿಗೆ ಎದ್ದೇ ನಿಂತ.

ಮೂರು ವಾರದಿಂದ, ಕಾನೂನು ತಿದ್ದುಪಡಿ ಕೋರುವ ಮಹಿಳಾ ಸಂಘದ ಮನವಿಯೊಂದನ್ನು ಟೈಪ್ ಮಾಡಿಸಲು ಅವಳು ಶಿಡ್ಲಘಟ್ಟದ ಅವನ ಪತ್ರ ಬರೆಯುವ ಅಂಗಡಿಗೆ ಬರುತ್ತಿದ್ದಳು. “ನೆಲಕ್ಕೆ ಡಿಕ್ಟೇಷನ್ ಕೊಟ್ರೆ ನಾನು ಹೆಂಗೆ ಟೈಪ್ ಮಾಡ್ಲಿ ಮೇಡಂ?” ಎಂದು ಅವನು ಕೆಣಕಿದಾಗ ಅವಳ ರೆಪ್ಪೆ ಒಂದೇ ಕ್ಷಣ ಮೇಲೆದ್ದು ಇಳಿಯುತ್ತಿತ್ತು. ಅವನು ಬೇಕೆಂದೇ ತಪ್ಪು ಟೈಪ್ ಮಾಡುತ್ತಾನೆಂದು ಗೊತ್ತಿದ್ದರೂ ಸುಮ್ಮನಿದ್ದಳು. ತಿದ್ದುವ ನೆಪದಲ್ಲಿ ಇನ್ನಷ್ಟು ಹೊತ್ತು ಕೂರಬಹುದಲ್ಲ!

ಇವತ್ತು ಅವಳು ಛಾಪಾ ಕಾಗದವೊಂದರ ನಕಲನ್ನು ಮೇಜಿನ ಮೇಲೆ ಎಸೆದಳು.

“ಇದು ನೀವೇ ಬರೆದಿದ್ದಾ?”

ರಾಜಿಪತ್ರ. ‘ಇನ್ನು ಮುಂದೆ ಗಂಡನ ಮಾತು ಮೀರುವುದಿಲ್ಲ, ದೂರನ್ನು ಹಿಂಪಡೆದಿದ್ದೇನೆ.’ ಅದರ ಕೆಳಗೆ ಜ್ಯೋತಿಲಕ್ಷ್ಮಿಯ ಎಡಗೈ ಹೆಬ್ಬೆಟ್ಟು. ಪತ್ರ ಬರೆದವನ ಜಾಗದಲ್ಲಿ ಗಂಗಾಧರನ ಸಹಿ.

“ಊರ ಹಿರೀಕರು ನರಸಿಂಹಪ್ಪನೋರು ಪಂಚಾಯ್ತಿ ಮಾಡಿ ಗಂಡ ಹೆಂಡ್ತೀನ ಕರ್ಕೊಂಡ್ ಬಂದಿದ್ರು. ಹೇಳಿದ್ರು, ಬರೆದೆ.”

“ಅವಳು ನಮ್ಮಕ್ಕ. ಎಂ.ಎ. ಮಾಡಿದೋಳು. ಓದಿದೋಳು ಯಾಕೆ ಹೆಬ್ಬೆಟ್ಟು ಒತ್ತುತಾಳೆ ಅಂತ ಒಂದ್ ಮಾತು ಕೇಳಿದ್ರಾ?”

ಗಂಗಾಧರನ ಮುಖ ಬಿಳಿಚಿತು. “ಬಲಗೈ ಸೆರಗಲ್ಲಿ ಮುಚ್ಕೊಂಡಿದ್ರು...”

“ಪ್ಲಾಸ್ಟರ್ ಹಾಕಿತ್ತು! ಕೈ ಮುರಿದೋನ ಜೊತೆಗೇ ಕಳಿಸಿದ್ರಿ. ಎಂಟೇ ದಿನಕ್ಕೆ ಮತ್ತೆ ಹೊಡೆದ. ಸ್ಟೇಷನ್‌ಗೆ ಹೋದ್ರೆ ‘ರಾಜಿ ಆಗಿದೆಯಲ್ಲಮ್ಮ’ ಅಂತ ನಿಮ್ಮ ಕಾಗದ ತೋರಿಸ್ತಾರೆ. ಮನವಿಗೆ ಇದನ್ನೂ ಸೇರಿಸಿ ಟೈಪ್ ಮಾಡಿ, ಕಲಂ ಐದು. ಹೆಣ್ಣಿನ ಮೇಲೆ ಕೈಮಾಡಿದ ಪ್ರಕರಣದಲ್ಲಿ ಪಂಚಾಯ್ತಿ ರಾಜಿ ಕೂಡದು. ಮಾಡಿಸಿದವರಿಗೂ ಬರೆದವರಿಗೂ ಶಿಕ್ಷೆಯಾಗುವಂತೆ ಕಾನೂನು ತಿದ್ದಬೇಕು.”

ಅವನು ಟೈಪ್ ಮಾಡಿದ. ಒಂದಕ್ಷರವೂ ತಪ್ಪಲಿಲ್ಲ.

ಬಸ್ಸಿನಲ್ಲಿ ಯಾಮಿನಿ ಅತ್ತಳು. ಅಕ್ಕನಿಗಾಗಿ ಅತ್ತಳು, ಬರೆದವನು ಇವನೇ ಆಗಬೇಕಿತ್ತಾ ಎಂದೂ ಅತ್ತಳು.

ಸೋಮವಾರ ಚಿಕ್ಕಬಳ್ಳಾಪುರದಲ್ಲಿ ಸರ್ಕಾರದ ಸಮಿತಿಯೊಂದು ಕಾನೂನು ತಿದ್ದುಪಡಿಗೆ ಜನರ ಅಭಿಪ್ರಾಯ ಕೇಳುವ ಸಭೆ. ಯಾಮಿನಿ ಎದ್ದು ಮನವಿಯನ್ನು ಐದನೇ ಕಲಂವರೆಗೂ ಓದಿದಳು.

“ಗಂಡ ಹೆಂಡ್ತಿ ಜಗಳ ಉಂಡು ಮಲಗೋ ತನಕ ಕಣಮ್ಮ,” ನರಸಿಂಹಪ್ಪ ಕೂತಲ್ಲಿಂದಲೇ ನಕ್ಕರು.

“ಕೈ ಮುರಿಸ್ಕೊಂಡೋಳು ಹೆಂಗೆ ಉಣ್ಣಬೇಕು ತಾತ?”

ನಗು ನಿಂತಿತು. “ಬಲವಂತ ಮಾಡಿದ್ದಕ್ಕೆ ಸಾಕ್ಷಿ ಎಲ್ಲಿ?” ನರಸಿಂಹಪ್ಪ ಗುಡುಗಿದರು.

ಹಿಂದಿನ ಸಾಲಿನಲ್ಲಿ ಗಂಗಾಧರ ಎದ್ದ. “ನಾನಿದ್ದೀನಿ. ಇಂಥ ಹನ್ನೊಂದು ಪತ್ರ ಬರೆದಿದ್ದೀನಿ. ಒಬ್ಬ ಹೆಂಗಸನ್ನೂ ‘ನಿಮಗಿದು ಒಪ್ಪಿಗೇನಾ’ ಅಂತ ಕೇಳಿಲ್ಲ. ಐದನೇ ಕಲಂ ಜಾರಿಗೆ ಬರ್ಲಿ. ಮೊದಲ ಶಿಕ್ಷೆ ನನಗೇ ಆಗ್ಲಿ.”

“ಏಮಪ್ಪಾ ಗಂಗಾಧರಾ! ನಾಳೆಯಿಂದ ನಿನ್ ಹತ್ರ ಯಾರ್ ಪತ್ರ ಬರೆಸ್ತಾರೋ ನೋಡ್ತೀನಿ!”

“ಬರೆಸಬೇಡಿ ಬಿಡಿ.”

ಸಮಿತಿಯವರು ‘ಪರಿಶೀಲಿಸುತ್ತೇವೆ’ ಎಂದರು. ಪರಿಶೀಲಿಸುವಷ್ಟರಲ್ಲಿ ಇನ್ನೆಷ್ಟು ಕೈ ಮುರಿಯಬೇಕೋ! ಯಾಮಿನಿಯ ಮೈ ಉರಿಯಿತು.

ಹೊರಗೆ ಗಂಗಾಧರ ದೂರದಲ್ಲೇ ನಿಂತಿದ್ದ. “ಕ್ಷಮಿಸ್ತೀರಾ?”

“ಅದನ್ನ ಅಕ್ಕನ್ನ ಕೇಳಿ. ಮೊದಲು ಸ್ಟೇಷನ್‌ಗೆ ನಡೀರಿ. ಒಳಗೆ ಹೇಳಿದ್ದನ್ನ ಅಲ್ಲೂ ಬರೆದುಕೊಡಿ.”

“ಬರ್ತೀನಿ. ಅಕ್ಕ ಬಯ್ಯಲ್ವಾ?”

“ಬಯ್ತಾಳೆ. ನಾನೂ ಬಯ್ತೀನಿ.”

“ಎಷ್ಟು ದಿನ?”

ಅವಳ ಮುಖ ಕೆಂಪಾಯಿತು. ಸಿಟ್ಟಿಗೋ ನಾಚಿಕೆಗೋ, ಅವಳಿಗೇ ತಿಳಿಯಲಿಲ್ಲ.

“ನೀವು ಜೊತೆಗಿರೋಷ್ಟು ದಿನ,” ಎಂದವಳು, ತಿರುಗಿ ನೋಡದೆ ಬಸ್ಸು ಹತ್ತಿ, ಪಕ್ಕದ ಸೀಟಿಗೆ ಕರ್ಚೀಫು ಹಾಕಿದಳು.