ಮನೆಯ ದಾರಿ ನುಂಗಿದ ಬಿಲ್ಲೆ

ಬಹಳ ಹಿಂದೆ, ನಮ್ಮಜ್ಜಿಯ ಅಜ್ಜಿಗೂ ಹಲ್ಲು ಮೂಡದಿದ್ದ ಕಾಲದಲ್ಲಿ, ಜಂಬುಗಿರಿ ಎಂಬ ರಾಜ್ಯವಿತ್ತು. ಅದರ ರಾಜಧಾನಿ ಎಷ್ಟು ದೊಡ್ಡದೆಂದರೆ, ಮೂಡಣ ಬಾಗಿಲಲ್ಲಿ ಬೇಯಿಸಿದ ಅನ್ನ ಪಡುವಣ ಬಾಗಿಲು ಮುಟ್ಟುವಷ್ಟರಲ್ಲಿ ಹಳಸಿಹೋಗುತ್ತಿತ್ತು. ನಡೆದು ತಿರುಗುವ ಮಾತೇ ಇರಲಿಲ್ಲ. ಬೀದಿಗಳಲ್ಲಿ ಜನರನ್ನು ಹೊತ್ತು ತಿರುಗಲು ಸಾವಿರ ಕಾಲಿನ ಜರಿಹುಳು ಇತ್ತು. ಕೆರೆ ದಾಟಿಸಲು ಆಮೆ ಇತ್ತು. ಗುಡ್ಡ ಹತ್ತಿಸಲು ಎರಡು ತಲೆಯ ಹಕ್ಕಿ ಇತ್ತು. ಮೂರಕ್ಕೂ ಮಾತು ಬರುತ್ತಿತ್ತು. ಒಂದು ಹಿಡಿ ಹುರುಳಿ ತಿನ್ನಿಸಿದರೆ ಎಲ್ಲಿಗೆಂದರೆ ಅಲ್ಲಿಗೆ ಕರೆದೊಯ್ಯುತ್ತಿದ್ದವು.

ಆ ಊರಿನವರಿಗೆ ಒಂದು ಚಟ. ಜೊತೆಯವರ ಹುರುಳಿಯನ್ನೂ ತಾವೇ ಹಾಕಬೇಕು. "ಇರು, ನಾನ್ ಹಾಕ್ತೀನಿ." "ಛೇ, ನೀನ್ಯಾಕೆ, ನಾನ್ ಹಾಕ್ತೀನಿ." ಹೀಗೆ ಕೈ ಕೈ ತಳ್ಳಾಡಿ ಅರ್ಧ ಹುರುಳಿ ನೆಲದ ಪಾಲಾಗುತ್ತಿತ್ತು. ಮೂರು ಸಲ ಬೇಡ ಅನ್ನದೆ ಒಪ್ಪಿಕೊಂಡವರನ್ನು ಅಲ್ಲಿ ಯಾರೂ ಕಂಡೇ ಇರಲಿಲ್ಲ. ಹಾಕ್ತೀನಿ ಎಂದು ಜೋರಾಗಿ ಕೂಗುವ ಎಷ್ಟೋ ಜನರ ಮಡಿಲಲ್ಲಿ ಒಂದು ಕಾಳೂ ಇರುತ್ತಿರಲಿಲ್ಲ, ಅದು ಬೇರೆ ಮಾತು.

ಇಂಥ ಊರಿಗೆ ವಿಕಟಾಂಗ ಎಂಬ ಮಾಯಾವಿ ಬಂದ. ಗುಡ್ಡದ ತುದಿಯಲ್ಲಿ ಗೋಪುರ ಕಟ್ಟಿಕೊಂಡು ಮನೆಮನೆಗೂ ಬೆಳ್ಳಿಯ ಬಿಲ್ಲೆ ಹಂಚಿದ.

"ಹುರುಳಿ ಗಂಟು ಹೊರುವ ಕಷ್ಟ ಯಾಕೆ? ಬಿಲ್ಲೆಯ ಮೇಲೆ ಒಂದು ಸಲ ಊದಿ, ತುಂಬಿಕೊಳ್ಳುತ್ತೆ. ಪ್ರಾಣಿಯ ಹಣೆಗೆ ಮುಟ್ಟಿಸಿ, ಟಿಣ್ ಅನ್ನುತ್ತೆ. ಹತ್ತಿ ಕೂತುಕೊಳ್ಳಿ. ಬರಿದಾದರೆ ಮತ್ತೆ ಊದಿ!"

ಪುಕ್ಕಟೆ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಅನ್ನುವ ಜನ ಅಲ್ಲಿಯೂ ಇದ್ದರು. ಬಿಲ್ಲೆಯೊಳಗೆ ತುಂಬುವುದು ಏನು ಎಂದು ಒಬ್ಬರಾದರೂ ಕೇಳಬೇಡವೇ? ಕೇಳಲಿಲ್ಲ.

ಅದೇ ಊರಿನಲ್ಲಿ ಸಣ್ಣೀರಮ್ಮ ಎಂಬ ಬಳೆಗಾರ್ತಿ ಇದ್ದಳು. ಅವಳ ಮಗಳು ಮಲ್ಲಾಜಿ ಮನೆಯಲ್ಲೇ ಕೂತು ಬಳೆ ಜೋಡಿಸುತ್ತಿದ್ದಳು, ಬಿಲ್ಲೆ ಬಳಸುವ ಪ್ರಸಂಗವೇ ಅವಳಿಗೆ ಬಂದಿರಲಿಲ್ಲ. ಸಣ್ಣೀರಮ್ಮನಾದರೋ ಬಳೆ ಹೊತ್ತು ಕೇರಿ ಕೇರಿ ತಿರುಗುವವಳು. ಜರಿ ಹತ್ತುವಾಗ ಹಿಂದಿನವರಿಗೂ ಮುಂದಿನವರಿಗೂ ಗುರುತಿಲ್ಲದವರಿಗೂ ತನ್ನ ಬಿಲ್ಲೆಯನ್ನೇ ಮುಟ್ಟಿಸುತ್ತಿದ್ದಳು. "ನಂದ್ರಲ್ಲೇ ಆಗ್ಲಿ ಬಿಡವ್ವ, ಊದಿದ್ರೆ ತುಂಬ್ಕೊಳ್ಳುತ್ತೆ" ಅನ್ನುತ್ತಿದ್ದಳು.

ಒಂದು ದಿನ ಅವಳು ಮನೆಗೆ ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. ಮಲ್ಲಾಜಿ ಗಾಬರಿಯಾಗಿ ಜರಿ ನಿಲ್ಲುವ ಕಟ್ಟೆಗೆ ಓಡಿದರೆ, ಜರಿಯ ಬೆನ್ನ ಮೇಲೆ ಅವ್ವ ಕೂತಿದ್ದಾಳೆ!

"ಅವ್ವ, ಇಳಿ! ನಮ್ಮ ಕೇರಿ ಬಂತು."

"ಯಾವ ಕೇರಿನವ್ವ? ನಮ್ಮನೆ ಇನ್ನೂ ಮುಂದೈತೆ ಅನ್ಸುತ್ತೆ," ಎಂದಳು ಸಣ್ಣೀರಮ್ಮ, ನಗುತ್ತಾ.

"ಅವ್ವ, ನಾನು ನಿನ್ನ ಮಗಳು!"

"ಮಗಳಾ? ನಂಗೂ ಒಬ್ಬಳು ಮಗಳವ್ಳೆ. ಅವಳ ಹೆಸರು ಮಲ್... ಮಲ್ಲಾ..." ಸಣ್ಣೀರಮ್ಮನ ಹಣೆ ಸುಕ್ಕಾಯಿತು. ಬಹಳ ಹೊತ್ತಿನ ಮೇಲೆ "ಮಲ್ಲಾಜಿ" ಎಂದಳು. ಆದರೆ ಎದುರಿಗಿದ್ದವಳನ್ನು ಗುರುತಿಸಲಿಲ್ಲ.

ಮಲ್ಲಾಜಿ ಸುತ್ತ ನೋಡಿದಳು. ಬೆನ್ನ ತುಂಬ ಕೂತವರೆಲ್ಲ ಪಿಳಿಪಿಳಿ ಕಣ್ಣು ಬಿಡುತ್ತಿದ್ದಾರೆ. ಹತ್ತುವುದು ಎಲ್ಲರಿಗೂ ಗೊತ್ತು, ಇಳಿಯುವುದು ಒಬ್ಬರಿಗೂ ಗೊತ್ತಿಲ್ಲ!

ಜರಿ ತಲೆ ಹೊರಳಿಸಿ ಹೇಳಿತು: "ನಿಮ್ಮವ್ವನ ಹತ್ರ ನಿನ್ನ ಹೆಸರೊಂದೇ ಉಳಿದಿದೆ. ಅದೂ ಹೋದ್ರೆ ಅವಳನ್ನ ಇಳಿಸೋಕೆ ಯಾರ ಕೈಲೂ ಆಗಲ್ಲ. ನನ್ನ ಮೇಲೆ ಕೋಪ ಬೇಡ. ಟಿಣ್ ಅನ್ನೋದು ಕೇಳಿಸುತ್ತೆ, ಹೊಟ್ಟೆಗೆ ಏನೂ ಬೀಳಲ್ಲ. ಆಮೆನ ಕೇಳು. ಕೆರೆಗೆ ಬಿಡ್ತೀನಿ, ಆದ್ರೆ ಬಿಲ್ಲೆ ಮುಟ್ಟಿಸದೆ ನನ್ನ ಕಾಲು ಏಳಲ್ಲ. ಮಾಯೆ ಹಾಗೆ ಕಟ್ಟಿಹಾಕಿದೆ."

ಮಲ್ಲಾಜಿ ಅದುವರೆಗೆ ಬಳಸದ ತನ್ನ ಪಾಲಿನ ಬಿಲ್ಲೆಗೆ ಊದಿದಳು, ಮುಟ್ಟಿಸಿದಳು. ಟಿಣ್! ಆ ಕ್ಷಣವೇ ತಲೆಯೊಳಗಿಂದ ಏನೋ ಜಾರಿತು. ತಮ್ಮ ಮನೆಯ ಬಾಗಿಲು ಯಾವ ಬಣ್ಣ? ಎಷ್ಟು ತಿಣುಕಿದರೂ ಹೊಳೆಯಲಿಲ್ಲ.

ಆಮೆಯೂ ಬಿಲ್ಲೆ ಕೇಳಿತು. ಮಲ್ಲಾಜಿ ಊದಿದಳು, ಮುಟ್ಟಿಸಿದಳು. ಟಿಣ್! ಈ ಸಲ ಮನೆಯಿರುವ ಕೇರಿಯೇ ಮರೆತುಹೋಯಿತು. ನಡುಕೆರೆಯಲ್ಲಿ ಆಮೆ ಮೆಲ್ಲಗೆ ಹೇಳಿತು: "ನೀನು ಊದೋದು ಬರೀ ಉಸಿರಲ್ಲ ಮಗಳೇ, ನಿನ್ನ ಮನೆಯ ನೆನಪು. ಟಿಣ್ ಅಂದಾಗೆಲ್ಲ ಒಂದು ನೆನಪು ಗೋಪುರಕ್ಕೆ ಹೋಗುತ್ತೆ. ವಿಕಟಾಂಗನ ಕೊರಳಲ್ಲಿ ತಾಯಿಬಿಲ್ಲೆ ನೇತಾಡ್ತಿದೆ. ಎಲ್ಲ ಅದರೊಳಗೆ ಸೇರ್ತಿದೆ."

ಅವ್ವ ಊರವರಿಗೆಲ್ಲ ಮುಟ್ಟಿಸಿದ್ದು ಏನನ್ನು ಎಂದು ಮಲ್ಲಾಜಿಗೆ ಆಗ ಅರ್ಥವಾಯಿತು. ಅಳು ಬಂತು.

ಮೂರನೆಯದು ಎರಡು ತಲೆಯ ಹಕ್ಕಿ. ಮಲ್ಲಾಜಿ ಬಿಲ್ಲೆಯನ್ನು ತುಟಿಯವರೆಗೆ ತಂದು ಮತ್ತೆ ಇಳಿಸಿದಳು. ಊದದಿದ್ದರೆ ಗೋಪುರವಿಲ್ಲ, ಗೋಪುರವಿಲ್ಲದಿದ್ದರೆ ಅವ್ವನಿಲ್ಲ. ಊದಿದಳು. ಟಿಣ್! ಮನೆಯೆಂಬ ಮನೆಯೇ ಅಳಿಸಿಹೋಯಿತು. ಅವ್ವನೊಬ್ಬಳು ಉಳಿದಳು.

"ನಮ್ಮ ಮೂವರ ಬೆನ್ನ ಮೇಲೆ ಕೊಟ್ಟ ಮಾತನ್ನ ಮಾಯಾವಿಯಾದ್ರೂ ಹಿಂದಕ್ಕೆ ತಗೊಳ್ಳೋ ಹಾಗಿಲ್ಲ," ಎಂದಿತು ಒಂದು ತಲೆ.

"ತಗೊಂಡ್ರೆ ಅಲ್ಲೇ ಕಲ್ಲಾಗ್ತಾನೆ," ಎಂದಿತು ಇನ್ನೊಂದು.

ಗೋಪುರದಲ್ಲಿ ವಿಕಟಾಂಗ ತಾಯಿಬಿಲ್ಲೆಯನ್ನು ನೆಕ್ಕುತ್ತಾ ಕೂತಿದ್ದ. ಹೌದು, ಉಪ್ಪಿನಕಾಯಿ ನೆಕ್ಕುವ ಹಾಗೆ ನೆಕ್ಕುತ್ತಿದ್ದ! "ಆಹಾ, ಯಾರದೋ ಅಟ್ಟ. ಯಾರದೋ ಹಿತ್ತಲು. ತಮ್ಮ ಮನೆ ಯಾವುದೆಂದು ಯಾರಿಗೂ ನೆನಪಿಲ್ಲದ ದಿನ ಊರಿನ ಮನೆಗಳೆಲ್ಲ ನನ್ನವೇ!"

ಮಲ್ಲಾಜಿಗೆ ಮೈ ಉರಿಯಿತು. ಆದರೂ ಕೈ ಮುಗಿದು, "ಸ್ವಾಮಿ, ಜನ ಎಲ್ಲ ಜರಿ ಮೇಲೆ ಕೂತು ನಿಮ್ಮ ದಾರಿ ಕಾಯ್ತವ್ರೆ. ಒಂದು ಸಲ ಬಂದು ದರ್ಶನ ಕೊಡಿ," ಎಂದಳು. ಹೊಗಳಿಕೆ ಎಂದರೆ ಯಾವ ಮಾಯಾವಿಯೂ ಹೊನ್ನಶೂಲಕ್ಕೂ ಏರುತ್ತಾನೆ. ಮೀಸೆ ತೀಡಿಕೊಂಡು, ಮಂತ್ರಬಲದಿಂದ ಅವಳನ್ನೂ ಕರೆದುಕೊಂಡು ಜರಿಯ ಕಟ್ಟೆಗೆ ಇಳಿದ.

ಅವನು ಜರಿಯ ಬೆನ್ನೇರಿ ಕೂತ ಕೂಡಲೇ ಮಲ್ಲಾಜಿ ತನ್ನ ಬಿಲ್ಲೆ ಎತ್ತಿದಳು. "ಸ್ವಾಮಿ, ನಿಮ್ಮದು ನಾನ್ ಮುಟ್ಟಿಸ್ತೀನಿ."

ವಿಕಟಾಂಗ ಆ ಊರಿನ ಮರ್ಯಾದೆಯನ್ನು ಚೆನ್ನಾಗಿ ಕಲಿತಿದ್ದ. ಕೈ ಅಡ್ಡ ಹಿಡಿದು ದೊಡ್ಡ ದನಿಯಲ್ಲಿ, "ಛೇ ಛೇ, ನೀನ್ಯಾಕೆ? ಇವತ್ತು ಎಲ್ಲರದೂ ನನ್ನದರಲ್ಲೇ ಆಗಲಿ!" ಎಂದ. ಎಂದವನು, ಬೇಡ ಬೇಡ ಅನ್ನುವುದನ್ನು ಕೇಳಲು ನಗುತ್ತಾ ಕಾದ.

"ಆಗ್ಲಿ ಸ್ವಾಮಿ," ಎಂದಳು ಮಲ್ಲಾಜಿ.

ಜರಿಯ ಸಾವಿರ ಕಾಲೂ ಒಂದೇ ಸಲಕ್ಕೆ ಸೆಟೆದುಕೊಂಡವು. ಕಟ್ಟೆಯ ಮೇಲಿದ್ದ ಹೂವಾಡಗಿತ್ತಿ ಬಾಯಿ ಮೇಲೆ ಬೆರಳಿಟ್ಟಳು. ಮೊದಲನೇ ಮಾತಿಗೇ ಒಪ್ಪಿಕೊಳ್ಳುವುದೆಂದರೇನು! ಊರು ಹುಟ್ಟಿದಾಗಿನಿಂದ ಇಂಥದ್ದು ನಡೆದಿರಲಿಲ್ಲ. ವಿಕಟಾಂಗನ ಮುಖ ಬಿಳಿಚಿಕೊಂಡಿತು.

"ಅದು... ಸುಮ್ಮನೆ ಮಾತಿಗೆ ಹೇಳಿದ್ದು ಕಣಮ್ಮ," ಎಂದು ತೊದಲಿದ. ಅಷ್ಟರಲ್ಲೇ ಅವನ ಪಾದ ಕಲ್ಲಾಗತೊಡಗಿತು. ಹೆದರಿ ತಾಯಿಬಿಲ್ಲೆ ಹಿಡಿದು ಜರಿಯ ತಲೆಯ ಕಡೆಗೆ ಓಡಿದ. ಒಬ್ಬೊಬ್ಬರ ಪಾಲಿಗೂ ಅದನ್ನು ಜರಿಯ ಹಣೆಗೆ ಮುಟ್ಟಿಸಿದಂತೆಲ್ಲ ಅವರವರ ನೆನಪು ಅವರವರಿಗೆ ಮರಳಿತು.

ಟಿಣ್! ಒಬ್ಬ ಮುದುಕ, "ಅಯ್ಯೋ, ನಮ್ಮನೆ ಕುಂಬಾರಗೇರಿ!" ಎಂದು ಜಿಗಿದ. ಟಿಣ್! ಒಬ್ಬಳು ಬಸುರಿ ಹೊಟ್ಟೆ ಹಿಡಿದುಕೊಂಡು ಅಳುತ್ತಾ ಇಳಿದಳು. ಟಿಣ್, ಟಿಣ್, ಟಿಣ್! ಮಲ್ಲಾಜಿ ಎಲ್ಲರನ್ನೂ ಮುಂದೆ ಬಿಟ್ಟಳು, ಅವ್ವನನ್ನೂ ಮುಂದೆ ಬಿಟ್ಟಳು. ಸಣ್ಣೀರಮ್ಮನ ಪಾಲು ಎಲ್ಲರಿಗಿಂತ ದೊಡ್ಡದಿತ್ತು. ಕೊನೆಗೆ ಮಲ್ಲಾಜಿಯ ಸರದಿ ಬಂದಾಗ ತಾಯಿಬಿಲ್ಲೆ ಬರಿದಾಗಿತ್ತು, ಒಂದಿಷ್ಟನ್ನು ಆ ಪಾಪಿ ಆಗಲೇ ನೆಕ್ಕಿ ಮುಗಿಸಿದ್ದನಲ್ಲ. ಕೊಟ್ಟ ಮಾತು ಬಿಡುತ್ತದೆಯೇ? ವಿಕಟಾಂಗ ತಾನೇ ಊದಬೇಕಾಯಿತು. ಊದಿದ, ಮುಟ್ಟಿಸಿದ. ಅವನ ಗೋಪುರ, ಅವನ ಮಂತ್ರ, ಅವನ ಹೆಸರು ಎಲ್ಲವೂ ಒಂದೇ ಟಿಣ್‌ಗೆ ಹೋದವು. ಗುಡ್ಡದ ಮೇಲೆ ಗೋಪುರ ಕುಸಿಯಿತು. ಅವನು ಜರಿಯ ಬೆನ್ನಿನ ಮೂಲೆಯಲ್ಲಿ ಕೂತು ಪ್ರತಿ ಕಟ್ಟೆಯಲ್ಲೂ "ನಮ್ಮನೆ ಇದೇನಾ?" ಎಂದು ಕೇಳತೊಡಗಿದ.

ಸಣ್ಣೀರಮ್ಮ ಮಗಳ ಕೆನ್ನೆ ಹಿಡಿದಳು. "ಮಲ್ಲಾಜಿ! ಇದೇನೇ ಹಿಂಗಾಗಿದ್ದೀಯ? ನಡಿ ಮನೆಗೆ."

"ಅವ್ವ," ಎಂದಳು ಮಲ್ಲಾಜಿ, "ನಂಗೆ ದಾರಿ ಗೊತ್ತಿಲ್ಲ."

ಸಣ್ಣೀರಮ್ಮ ಬೆಚ್ಚಿಬಿದ್ದಳು. ಮಗಳ ಕೈಯಲ್ಲಿದ್ದ ಬಿಲ್ಲೆ ನೋಡಿದಳು, ಏನಾಗಿದೆಯೆಂದು ತಿಳಿಯಿತು. ಮಗಳ ಕೈ ಹಿಡಿದುಕೊಂಡು ನಡೆಯತೊಡಗಿದಳು. ಒಂದು ತಿರುವು, ಒಂದು ಬಾವಿ, ಒಂದು ನುಗ್ಗೆಮರ. ನೀಲಿ ಬಾಗಿಲಿನ ಎದುರು ನಿಂತಳು.

"ಇದಾ?" ಎಂದಳು ಮಲ್ಲಾಜಿ, ಕಣ್ಣರಳಿಸಿ. "ಇಷ್ಟು ಚೆನ್ನಾಗಿದೆಯಾ ನಮ್ಮನೆ?"

ಆಮೇಲೆ ಬಿಲ್ಲೆಗಳನ್ನು ದೊರೆಯೇ ವಹಿಸಿಕೊಂಡ. ಅರಮನೆಯ ಕಣಜಕ್ಕೆ ಹುರುಳಿ ಸುರಿದವರ ಬಿಲ್ಲೆ ಮಾತ್ರ ತುಂಬುತ್ತಿತ್ತು, ಆ ಹುರುಳಿ ನೇರ ಪ್ರಾಣಿಗಳ ಹೊಟ್ಟೆಗೆ ಹೋಗುತ್ತಿತ್ತು. ಜಂಬುಗಿರಿಯ ಜನ ಹತ್ತುವ ಕಡೆ ಹತ್ತಿ, ಇಳಿಯುವ ಕಡೆ ಇಳಿದು, ಹೊತ್ತಿಗೆ ಸರಿಯಾಗಿ ಮನೆ ಸೇರಿ ಉಂಡು ಮಲಗಿ ಸುಖವಾಗಿ ಬಾಳಿದರು.